ಒಬ್ಬರೇ ಇರಲು ಎಷ್ಟು ಜನ ಬೇಕು?

ಮಳೆಯ ಸದ್ದು ಪೂರ್ತಿ ಅಡಗಿ ಅಡಿಕೆ ಕೊಯ್ಲಿನ ಗಡಿಬಿಡಿ ಶುರುವಾಗುವ ಹೊತ್ತಿಗೆ ನಮ್ಮ ಮನೆಗೆ ನೆಂಟರು ಬರಲಾರಂಭಿಸುತ್ತಾರೆ. ಬಂದವರು ಅಂಗಳದ ಅಂಚಿಗೆ ಹೋಗಿ, ಎದುರಿನ ಗುಡ್ಡದ ಮೇಲೆ ಕಣ್ಣಾಡಿಸಿ, ಎದೆ ತುಂಬ ಒಮ್ಮೆ ಉಸಿರೆಳೆದುಕೊಂಡು, ತಪ್ಪದೆ ಒಂದು ಮಾತು ಹೇಳುತ್ತಾರೆ: "ಇದ್ದರೆ ಇಂಥ ಕಡೆ ಇರಬೇಕು ನೋಡಿ, ಅದೂ ಒಬ್ಬರೇ." ಈ ಮಾತಿನ ಮೊದಲರ್ಧಕ್ಕೆ ನನ್ನ ಆಕ್ಷೇಪವಿಲ್ಲ. 'ಅದೂ ಒಬ್ಬರೇ' ಎಂಬ ಬಾಲಂಗೋಚಿ ಕಿವಿಗೆ ಬಿದ್ದಾಗ ಮಾತ್ರ, ಕೈಯಲ್ಲಿರುವ ಕಷಾಯದ ಲೋಟವನ್ನು ಅವರಿಗೆ ಕೊಡಬೇಕೋ ಮರಳಿ ಒಳಗೆ ಒಯ್ಯಬೇಕೋ ಎಂಬ ಅನುಮಾನ ಹುಟ್ಟುತ್ತದೆ. ಹೀಗೆ ಹೇಳಿದವರಲ್ಲಿ ಯಾರೂ ಜುಲೈ ತಿಂಗಳಿನಲ್ಲಿ ಬಂದವರಲ್ಲ, ಸಂಜೆ ಐದರ ಮೇಲೆ ಉಳಿದವರಂತೂ ಅಲ್ಲವೇ ಅಲ್ಲ. ಆದರೂ ಇಷ್ಟೊಂದು ಜನ ಇದೊಂದೇ ಮಾತನ್ನು ಹೇಳುವುದರ ಹಿಂದೆ ಏನೋ ಇರಲೇಬೇಕಲ್ಲವೇ? ಕಾಡಿನಲ್ಲಿ ಒಂಟಿಯಾಗಿ ಬದುಕುವ ಈ ಆಸೆಯ ಬೇರು ಎಲ್ಲಿದೆಯೆಂದು ಪತ್ತೆ ಹಚ್ಚಬೇಕೆಂದೇ ಇದನ್ನು ಬರೆಯಲು ಕುಳಿತಿದ್ದೇನೆ.

ನಮ್ಮದು ಆಗುಂಬೆಗೆ ಬೀಳುವ ಮಳೆಯಲ್ಲಿ ಪಾಲು ಪಡೆಯುವ ಸೀಮೆ. ಮನೆ ಒಂಟಿಮನೆ; ನೆರೆಮನೆಗೆ ಹೋಗಬೇಕಾದರೆ ಹಳ್ಳದ ಕಾಲುಸಂಕ ದಾಟಬೇಕು, ಮಳೆಗಾಲದಲ್ಲಿ ಕೆಲವು ದಿನ ಆ ಸಂಕವೂ ನೀರಿನ ಕೆಳಗಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆಂದು ಓದುವುದಕ್ಕೂ, ಅದರಲ್ಲೊಂದಂಶ ಮಂಗ ಸರಿಸಿಹೋದ ಹೆಂಚಿನ ಸಂದಿಯಿಂದ ಅಟ್ಟದ ಮೇಲಿನ ಅಡಿಕೆ ಮೂಟೆಗೆ ಇಳಿಯುವುದನ್ನು ಕಣ್ಣಾರೆ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ನೆಂಟರು ಇದನ್ನೆಲ್ಲ ಕೇಳಿ, "ಅದೇ ಅಲ್ಲವೇ ಮಜಾ" ಎನ್ನುತ್ತಾರೆ. ಅವರು ಬರುವ ಒಣ ಹವೆಯ ತಿಂಗಳುಗಳಿಗೂ ತನ್ನದೇ ಆದ ಮಜಾ ಇದೆಯೆಂಬುದು ಅವರಿಗೆ ಗೊತ್ತಿರುವುದಿಲ್ಲ. ಈಚೆಗೆ ಬಂದಿದ್ದ ಮಹನೀಯರೊಬ್ಬರು ಫೋಟೋ ತೆಗೆಸಿಕೊಳ್ಳಲು ಗುಡ್ಡದ ಬುಡದ ದರಗಿನ ರಾಶಿಯ ಮೇಲೆ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ ಕುಳಿತರು. ಮಂಗನ ಕಾಯಿಲೆ ಮೊತ್ತಮೊದಲು ಗುರುತಿಗೆ ಬಂದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, 1957ರಲ್ಲಿ. ಅದನ್ನು ಹರಡುವ ಉಣುಗುಗಳು ಹೆಚ್ಚುವುದು ಇದೇ ಒಣ ತಿಂಗಳುಗಳಲ್ಲಿ. ಅವು ಹೊಂಚಿ ಕಾಯುವ ಜಾಗಗಳಲ್ಲಿ ತಾವು ಕುಳಿತಿರುವ ತರಗೆಲೆಯ ಹಾಸೂ ಒಂದು ಎಂದು ನಾನು ಸಾವಧಾನವಾಗಿ ವಿವರಿಸಿದೆ. ವಿವರಣೆ ಮುಗಿಯುವುದಕ್ಕೆ ಅವರು ಕಾಯಲಿಲ್ಲ.

ಒಂಟಿವಾಸದ ಈ ಹಂಬಲಕ್ಕೆ ನಮ್ಮ ಋಷಿಗಳನ್ನು ಸಾಕ್ಷಿ ಕರೆಯುವವರೂ ಇದ್ದಾರೆ. ಆ ಸಾಕ್ಷ್ಯ ಅಷ್ಟೇನೂ ಗಟ್ಟಿಯಲ್ಲ. ಕಣ್ವರ ಆಶ್ರಮದಿಂದ ಶಕುಂತಲೆ ಗಂಡನ ಮನೆಗೆ ಹೊರಟಾಗ ಸಖಿಯರು, ಗೌತಮಿ, ಶಿಷ್ಯರು, ಜಿಂಕೆಮರಿ ಎಲ್ಲರೂ ಕೂಡಿ ದುಃಖಪಟ್ಟರಂತೆ. ಅಷ್ಟು ಮಂದಿ ಅಳುವುದಕ್ಕಿದ್ದ ಜಾಗವನ್ನು ಏಕಾಂತವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ವಾನಪ್ರಸ್ಥಕ್ಕೆ ಹೊರಡುವವನೂ ಹೆಂಡತಿಯನ್ನು ಮಕ್ಕಳ ವಶಕ್ಕೆ ಒಪ್ಪಿಸಬಹುದು, ಇಲ್ಲವೇ ಜೊತೆಗೇ ಕರೆದೊಯ್ಯಬಹುದೆಂದು ಧರ್ಮಶಾಸ್ತ್ರ ದಾರಿ ತೆರೆದಿಟ್ಟಿತ್ತು. ಶಾಸ್ತ್ರ ಬರೆದವರಿಗೆ ಸೌದೆ ಒಡೆಯುವ ಕಷ್ಟ ಗೊತ್ತಿದ್ದಿರಬೇಕು.

ಹೊಸ ಕಾಲದ ಒಂಟಿಗರ ಕಥೆಯೂ ಹೆಚ್ಚು ಬೇರೆಯಲ್ಲ. ಅಲಾಸ್ಕಾದ ಟ್ವಿನ್ ಲೇಕ್ಸ್ ದಂಡೆಯಲ್ಲಿ 1968ರಲ್ಲಿ ಕೈಹತಾರಗಳಿಂದಲೇ ಮರದ ದಿಮ್ಮಿಯ ಮನೆ ಕಟ್ಟಿಕೊಂಡು, ಬಾಗಿಲಿನ ಬಿಜಾಗರಿಯನ್ನೂ ಮರದಲ್ಲೇ ಕೆತ್ತಿ, ಸುಮಾರು ಮೂವತ್ತು ವರ್ಷ ಅಲ್ಲಿ ಕಳೆದ ರಿಚರ್ಡ್ ಪ್ರೊಯೆನ್ನೆಕೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಅವನಿಗೆ ಟಪಾಲು, ಸಾಮಾನು ತಂದುಕೊಡಲು ಪುಟ್ಟ ವಿಮಾನದ ಪೈಲಟ್ ಗೆಳೆಯನೊಬ್ಬನಿದ್ದ. ಅವನು ತನ್ನ ಕೆಲಸವನ್ನೆಲ್ಲ ತಾನೇ ಚಿತ್ರೀಕರಿಸಿಕೊಂಡ ಎಂಬುದನ್ನು ನೆನೆದಾಗಲೆಲ್ಲ ನನಗೆ ಒಂದೇ ಯೋಚನೆ: ಅವನು ಬೆನ್ನು ತಿರುಗಿಸಿ ಕಾಡಿನೊಳಗೆ ಗಂಭೀರವಾಗಿ ನಡೆದುಹೋಗುವ ಪ್ರತಿಯೊಂದು ದೃಶ್ಯದ ಕೊನೆಯಲ್ಲೂ ಕ್ಯಾಮೆರಾ ಆರಿಸಲು ಅಷ್ಟೇ ದೂರ ಹಿಂದಕ್ಕೆ ನಡೆದು ಬಂದಿರಲೇಬೇಕು. ಇಂದು ಮೊಬೈಲಿನಲ್ಲಿ ಒಂಟಿ ಮನುಷ್ಯರು ಮಚ್ಚೊಂದನ್ನೇ ಹಿಡಿದು ಗುಡಿಸಲು ಕಟ್ಟುವ ವಿಡಿಯೋಗಳಲ್ಲಿ, ಅದೂ ಮೇಲಿನಿಂದ ಡ್ರೋನ್ ಹಾರಿಸಿ ತೆಗೆದವುಗಳಲ್ಲಿ, ಈ ಹಿಂದಿರುಗುವ ನಡಿಗೆಯನ್ನು ಯಾರೂ ತೋರಿಸುವುದಿಲ್ಲ. ಇನ್ನು ಅಮೆರಿಕದ ಮೇನ್ ರಾಜ್ಯದ ಕಾಡಿನಲ್ಲಿ 1986ರಿಂದ 2013ರವರೆಗೆ ಬಹುಮಟ್ಟಿಗೆ ಯಾರ ಕಣ್ಣಿಗೂ ಬೀಳದೆ ಅಡಗಿದ್ದ ಕ್ರಿಸ್ಟೋಫರ್ ನೈಟ್, ಹೊಗೆ ಕಂಡೀತೆಂಬ ಭಯದಿಂದ ಹಿಮಗಾಲದಲ್ಲೂ ಸೌದೆಯ ಬೆಂಕಿ ಹಾಕಲಿಲ್ಲ. ಆ ಇಪ್ಪತ್ತೇಳು ವರ್ಷ ಅವನು ಬದುಕಿದ್ದು ಸುತ್ತಮುತ್ತಲಿನ ಬೇಸಿಗೆ ಮನೆಗಳಲ್ಲಿ ಸುಮಾರು ಸಾವಿರ ಸಲ ಕಳ್ಳತನ ಮಾಡಿ. ಇಷ್ಟು ಕಟ್ಟುನಿಟ್ಟಿನ ಒಂಟಿತನಕ್ಕೆ ಒಂದು ಇಡೀ ಕೇರಿಯ ಅಡುಗೆಮನೆಗಳು ಬೇಕಾದವು.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಮಾತ್ರ ಸೈಬೀರಿಯಾದ ಲಿಕೋವ್ ಕುಟುಂಬದ ಕಡೆಗೆ. ಹಳೆಯ ಕ್ರೈಸ್ತ ಸಂಪ್ರದಾಯವನ್ನು ಬಿಡಲೊಲ್ಲದ ಪಂಥಕ್ಕೆ ಸೇರಿದ ಕಾರ್ಪ್ ಲಿಕೋವ್, 1936ರಲ್ಲಿ ತನ್ನ ಅಣ್ಣತಮ್ಮಂದಿರಲ್ಲೊಬ್ಬ ಸೋವಿಯತ್ ಪಹರೆಯವರ ಗುಂಡಿಗೆ ಬಲಿಯಾದದ್ದನ್ನು ಕಂಡು, ಹೆಂಡತಿ ಅಕುಲಿನಾಳನ್ನೂ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಕಾಡು ಹೊಕ್ಕ. ಇನ್ನಿಬ್ಬರು ಮಕ್ಕಳು ಕಾಡಿನಲ್ಲೇ ಹುಟ್ಟಿದರು. 1978ರಲ್ಲಿ ಭೂವಿಜ್ಞಾನಿಗಳ ತಂಡವೊಂದಕ್ಕೆ ಇಳಿಯುವ ಜಾಗ ಹುಡುಕುತ್ತಿದ್ದ ಹೆಲಿಕಾಪ್ಟರಿನ ಪೈಲಟ್, ಮನುಷ್ಯರ ಸುಳಿವೇ ಇರಬಾರದಿದ್ದ ಬೆಟ್ಟದ ಓರೆಯಲ್ಲಿ ಉತ್ತ ಸಾಲುಗಳನ್ನು ಕಂಡ. ಅತಿ ಹತ್ತಿರದ ಊರು ಅಲ್ಲಿಗೆ ಇನ್ನೂರ ನಲವತ್ತು ಕಿಲೋಮೀಟರು. ಎರಡನೆಯ ಮಹಾಯುದ್ಧ ನಡೆದು ಮುಗಿದದ್ದೂ ಈ ಸಂಸಾರಕ್ಕೆ ತಿಳಿದಿರಲಿಲ್ಲ. ತಂಡದವರು ಕೊಡಲು ಹೋದದ್ದನ್ನೆಲ್ಲ ಅವರು ಮೊದಲಿಗೆ ನಿರಾಕರಿಸಿದರು. ಒಂದನ್ನು ಮಾತ್ರ ತೆಗೆದುಕೊಂಡರು: ಉಪ್ಪು. ನಾಲ್ಕು ದಶಕ ಉಪ್ಪಿಲ್ಲದೆ ಬದುಕಿದ್ದು ನಿಜವಾದ ಯಾತನೆಯೆಂದು ಕಾರ್ಪ್ ಹೇಳಿದನಂತೆ. ತೋಳ, ಕರಡಿ, ಮೈನಸ್ ನಲವತ್ತರ ಚಳಿ ಯಾವುದನ್ನೂ ಎತ್ತದೆ, ಮುದುಕ ಹೇಳಿಕೊಂಡದ್ದು ಸಪ್ಪೆ ಊಟದ ಕಷ್ಟವನ್ನು ಎಂಬಲ್ಲಿ ನಾನು ಪ್ರತಿ ಸಲವೂ ನಿಲ್ಲುತ್ತೇನೆ.

ಆ ಸಂಸಾರದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಆಗದು. 1961ರ ಜೂನಿನಲ್ಲಿ ಹಿಮ ಬಿದ್ದು ತೋಟದಲ್ಲಿದ್ದದ್ದೆಲ್ಲ ನಾಶವಾಯಿತು. ಅವರು ಚರ್ಮದ ಪಾದರಕ್ಷೆ, ಮರದ ತೊಗಟೆ ತಿಂದರು; ಇದ್ದ ಅಷ್ಟಿಷ್ಟು ಆಹಾರವನ್ನು ಮಕ್ಕಳಿಗೆ ಬಿಟ್ಟು ಅಕುಲಿನಾ ಹಸಿವಿನಿಂದ ಸತ್ತಳು. ಬಿತ್ತನೆಯ ರೈ ಧಾನ್ಯವೂ ಮುಗಿದುಹೋಗಿದ್ದಾಗ, ಬಟಾಣಿಯ ಪಾತಿಯಲ್ಲಿ ಅದು ಹೇಗೋ ಒಂದೇ ಒಂದು ರೈ ಸಸಿ ತಲೆಯೆತ್ತಿತು. ಆ ಒಂದು ಸಸಿಯ ಸುತ್ತ ಅವರು ಬೇಲಿ ಕಟ್ಟಿದರು. ಇಲಿ, ಅಳಿಲು ಮುಟ್ಟದಂತೆ ಹಗಲೂ ರಾತ್ರಿ ಸರದಿಯ ಮೇಲೆ ಕಾದರು. ತೆನೆ ಬಲಿತಾಗ ಸಿಕ್ಕಿದ್ದು ಹದಿನೆಂಟು ಕಾಳು. ಮುಂದಿನ ಬೆಳೆಯೆಲ್ಲ ಆ ಹದಿನೆಂಟು ಕಾಳಿನಿಂದ. ಕಾಡುಹಂದಿಗೆ ಹೆದರಿ ಗದ್ದೆಯ ಮಾಳದಲ್ಲಿ ಮಲಗಿ ಪಹರೆ ಮಾಡಿದ ಮಲೆನಾಡಿನವನಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಸರದಿ ಕಾಯಲು ಅಲ್ಲಿ ಐದು ಜನ ಇದ್ದರು ಎಂಬುದನ್ನು ಗಮನಿಸಬೇಕು. ಒಬ್ಬನೇ ಇದ್ದಿದ್ದರೆ ಅವನು ತೂಕಡಿಸಿದ ಗಳಿಗೆಯಲ್ಲಿ ಇಲಿ ತನ್ನ ಕೆಲಸ ಮುಗಿಸಿರುತ್ತಿತ್ತು.

1981ರಲ್ಲಿ ನಾಲ್ವರು ಮಕ್ಕಳಲ್ಲಿ ಮೂವರು ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು, 1988ರಲ್ಲಿ ಕಾರ್ಪ್ ಹೋದ. ಕಿರಿಯ ಮಗಳು ಅಗಾಫ್ಯಾ ಕಾಡು ಬಿಟ್ಟು ಬರಲೊಪ್ಪಲಿಲ್ಲ. ಕೊನೆಗೂ ಶುದ್ಧವಾದ ಒಂಟಿವಾಸವೊಂದು ಸಿಕ್ಕಿತೆಂದು ನಾವು ಸಮಾಧಾನಪಡುವಷ್ಟರಲ್ಲಿ, ಹಿಂದೆ ಆ ಭೂವಿಜ್ಞಾನಿಗಳ ಜೊತೆ ಕೆಲಸ ಮಾಡಿದ್ದ, ಒಂದು ಕಾಲು ಕಳೆದುಕೊಂಡಿದ್ದ ವೃದ್ಧನೊಬ್ಬ ಬಂದು ಅವಳ ಮನೆಯ ಸಮೀಪವೇ ಬಿಡಾರ ಹೂಡಿದ. ಅವನಿಗೆ ನೀರು, ಸೌದೆ ಹೊತ್ತುಕೊಡುವ ಕೆಲಸವೂ ಅವಳ ಪಾಲಿಗೆ ಬಂತು. 2016ರ ಜನವರಿಯಲ್ಲಿ ಅವಳಿಗೇ ಕಾಲುನೋವು ಬಂದಾಗ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದರು. ಗುಣವಾದ ಮೇಲೆ ಅವಳು ಮತ್ತೆ ಕಾಡಿಗೇ ಹೋದಳು. ಹೋಗುವುದೇಕೆ? ಇದಕ್ಕೆ ಉತ್ತರ ಸಿಕ್ಕಿದರೆ ನಾನು ಹುಡುಕುತ್ತಿರುವ ಬೇರೂ ಸಿಕ್ಕೀತು. ಅಂಗಳದಲ್ಲಿ ನಿಂತು ಉಸಿರೆಳೆಯುವ ನಮ್ಮ ನೆಂಟರ ಆಸೆಗೂ ಅವಳ ಹಟಕ್ಕೂ ಹತ್ತಿರದ ಸಂಬಂಧವಿದೆಯೆಂದು ಮಾತ್ರ ನನಗೆ ತೋರುವುದಿಲ್ಲ.

ಮಗಳ ಬಾಣಂತನಕ್ಕೆಂದು ಮನೆಯವಳು ಹೋಗಿದ್ದಾಗ ಒಂದು ಮಳೆಗಾಲವನ್ನು ನಾನೂ ಇಲ್ಲಿ ಒಬ್ಬನೇ ಕಳೆದಿದ್ದೇನೆ. ಉಪ್ಪಿಗೇನೂ ಬರವಿರಲಿಲ್ಲ; ಇದ್ದ ಉಪ್ಪು ಉಪ್ಪಾಗಿ ಉಳಿಯುತ್ತಿರಲಿಲ್ಲ, ಅಷ್ಟೆ. ಆಷಾಢದ ಹವೆಗೆ ಮರಿಗೆಯಲ್ಲಿನ ಕಲ್ಲುಪ್ಪು ಬೆವರಿ, ತಳದಲ್ಲಿ ನೀರು ನಿಂತು, ಒಲೆಯ ಪಕ್ಕಕ್ಕೆ ಸರಿಸಿದರೆ ಮೇಲೊಂದು ಗಟ್ಟಿ ಹೆಪ್ಪು ಕಟ್ಟುತ್ತಿತ್ತು; ಸಾರಿಗೆ ಉಪ್ಪು ಹಾಕಬೇಕಾದರೆ ಚಮಚದ ಹಿಂಬದಿಯಿಂದ ಕುಟ್ಟಬೇಕು. ಅದರಲ್ಲೇ ಒಂದಷ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವುದು, ಕಾಲಿಗೆ ಹತ್ತಿದ ಇಂಬಳಕ್ಕೆ ಮುಟ್ಟಿಸುವುದು. ಕಾಲ್ಬೆರಳ ಸಂದಿಯ ಇಂಬಳವನ್ನು ಹೀಗೆ ಕೀಳಬಹುದು, ಬೆನ್ನಿಗೆ ಹತ್ತಿದ್ದನ್ನು ಕೀಳಲು ಇನ್ನೊಬ್ಬರೇ ಬೇಕು. ಮರ ಬಿದ್ದು ತಂತಿ ಹರಿದರೆ ವಿದ್ಯುತ್ತು ಬರುವುದು ಯಾವಾಗಲೆಂದು ಕೇಳಲು ಫೋನು ಬೇಕು. ಫೋನಿಗೆ ಚಾರ್ಜು ಬೇಕು. ಚಾರ್ಜಿಗೆ ವಿದ್ಯುತ್ತು ಬೇಕು. ಕಾಡಿನ ಮೌನವೆಂದು ನೆಂಟರು ವರ್ಣಿಸುವ ವಸ್ತು ಆ ತಿಂಗಳುಗಳಲ್ಲಿ ಇರುವುದೇ ಇಲ್ಲ. ಹೆಂಚಿನ ಮೇಲೆ ಮಳೆ, ಮಳೆ ನಿಂತರೆ ಜೀರುಂಡೆ, ಜೀರುಂಡೆ ನಿಂತರೆ ಅಟ್ಟದ ಇಲಿ. ಸಂಜೆ ಹಳ್ಳದಾಚೆಯ ಮನೆಯವರು ಜಗಲಿಯಿಂದ ಒಂದು 'ಕೂ' ಹಾಕುತ್ತಿದ್ದರು. ನಾನೂ ತಿರುಗಿ ಕೂ ಎಂದರೆ ಬದುಕಿದ್ದೇನೆಂದು ಅರ್ಥ. ನನ್ನ ಒಂಟಿವಾಸವೆಲ್ಲ ಆ ಒಂದು ಅಕ್ಷರದ ಆಧಾರದ ಮೇಲೆ ನಿಂತಿತ್ತು.

ಸುಖವೇ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಹಸಿವಾದಾಗ ಉಂಡೆ, ಬೇಡವೆನಿಸಿದಾಗ ಉಣ್ಣಲಿಲ್ಲ. ಲೋಟ ಇಟ್ಟಲ್ಲೇ ಇರುತ್ತಿತ್ತು. ಯಾವ ವಿಷಯದ ಮೇಲೂ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲವಾಗಿ ನನಗೆ ಅಭಿಪ್ರಾಯಗಳೇ ಇಲ್ಲವಾದವು, ಅದರಿಂದ ತಲೆ ಬಹಳ ಹಗುರವಾಗಿತ್ತು. ಒಂದು ಮಧ್ಯಾಹ್ನ ಮಳೆ ಹೊಳವಾದಾಗ ಕಾಟಿಯೊಂದು ತೋಟದಂಚಿನ ಅಗಳದಾಚೆ ನಿಂತು ನನ್ನನ್ನು ನೋಡಿತು, ನಾನೂ ಅದನ್ನು ನೋಡಿದೆ. ಇಬ್ಬರಿಗೂ ಮಾತಾಡುವ ಉದ್ದೇಶವಿರಲಿಲ್ಲ. ಇದೇ ಆ ಆಕರ್ಷಣೆಯೋ ಏನೋ ಎಂದು ಆಗ ಅನಿಸಿತ್ತು. ಆದರೆ ಈ ಸಂಗತಿಯನ್ನು ಯಾರಿಗಾದರೂ ಹೇಳಬೇಕೆಂದು ಅಂದು ರಾತ್ರಿಯೆಲ್ಲ ಚಡಪಡಿಸಿದ್ದೂ ನಿಜ. ಹಾಗಾಗಿ ಆ ಬೇರಿನ ವಿಚಾರವನ್ನು ಸದ್ಯಕ್ಕೆ ಇಲ್ಲಿಗೆ ಬಿಡುತ್ತೇನೆ.

ಬಿಡಲು ಇನ್ನೊಂದು ಕಾರಣವೂ ಉಂಟು. ಬೆಂಗಳೂರಿನ ಕಂಪ್ಯೂಟರ್ ಕಂಪನಿಯಲ್ಲಿರುವ ನನ್ನ ತಂಗಿಯ ಮಗ ಕೆಲಸ ಬಿಟ್ಟು ಕಾಡಿನಲ್ಲಿ ಒಬ್ಬನೇ ಇರಲು ತೀರ್ಮಾನಿಸಿದ್ದಾನೆ, ಅದರ ಏರ್ಪಾಡು ನನ್ನ ತಲೆಗೆ ಬಂದಿದೆ. "ಮಾವ, ದೊಡ್ಡದೇನೂ ಬೇಡ, ಎರಡು ಎಕರೆ ಸಾಕು" ಎಂದು ಶುರುವಾದ ಅವನ ಪಟ್ಟಿಯಲ್ಲಿ ಮನೆ ಬಾಗಿಲವರೆಗೆ ಕಾರು ಹೋಗುವ ರಸ್ತೆ, ಬೋರ್‌ವೆಲ್, ಸೋಲಾರು, ಅದು ಕೈಕೊಟ್ಟರೆ ಜನರೇಟರು, ಇಂಟರ್ನೆಟ್ ಕೇಬಲ್ಲು, ಅರ್ಧ ಗಂಟೆಯ ದಾರಿಯಲ್ಲಿ ಆಸ್ಪತ್ರೆ ಇವೆಲ್ಲ ಇವೆ. ಕೊನೆಯದು, ಅಡುಗೆಗೂ ತೋಟಕ್ಕೂ ಆಗುವಂಥ ನಂಬಿಕಸ್ಥ ಗಂಡಹೆಂಡತಿ. ಅವರು ಅಲ್ಲೇ ವಾಸವಿರಬೇಕು. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವನನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡು ವಿಷಯ ಪ್ರಸ್ತಾಪಿಸಿದೆ. ಸಂಬಳ ಕೇಳಿ ಅವನು ತಲೆಯಾಡಿಸಿದ, ಅವಳು ಒಪ್ಪಲಿಲ್ಲ. "ಆ ಕಾಡಲ್ಲಿ ನಮಗೆ ಮಾತಿಗೆ ಯಾರಿದ್ದಾರೆ ಅಯ್ಯಾ? ಪಕ್ಕದಲ್ಲಿ ಇನ್ನೊಂದು ಸಂಸಾರ ಇದ್ದರೆ ಬೇಕಾದರೆ ನೋಡುವ" ಎಂದಳು. ಇದನ್ನು ಫೋನಿನಲ್ಲಿ ಅಳಿಯನಿಗೆ ತಿಳಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಎರಡು ಸಂಸಾರಕ್ಕೂ ಮನೆ ಕಟ್ಟಿಸಿಕೊಡಲು ಒಪ್ಪಿದ್ದಾನೆ. ಆದರೆ ಆ ಮನೆಗಳು ಅವನ ಕಿಟಕಿಯಿಂದ ಕಾಣಬಾರದಂತೆ.