ಹಳೇ ಸರ್ವರ್‌ಗೂ ಕೆಲಸ ಇದೆ

ಐದು ವರ್ಷ ದಾಟಿದ ಸರ್ವರ್‌ಗಳನ್ನೆಲ್ಲ ತೆಗೆದು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಯಂತ್ರಗಳಿಗೆ, ಹೋಗಿ ಅಂತ ನಿಮ್ಮ ಲೇಖನದಲ್ಲಿ ಸಲಹೆ ಕೊಟ್ಟಿದ್ದೀರಿ. ಕಂಪನಿಗಳಿಗೆ ಅದು ಸರಿ ಇರಬಹುದು. ಯಾರು ಬೇಕಾದರೂ ತಿದ್ದಬಹುದಾದ ಜಗತ್ತಿನ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಸ್ವಯಂಸೇವಕರ ಯೋಜನೆಗೆ ಹೊಂದುವುದಿಲ್ಲ.

2004ರಲ್ಲಿ ಶುರುವಾದ ಈ ನಕ್ಷೆಯ ಮುಖ್ಯ ಸರ್ವರ್‌ಗಳು ಆಮ್‌ಸ್ಟರ್‌ಡ್ಯಾಮ್ ಮತ್ತು ಡಬ್ಲಿನ್‌ನಲ್ಲಿವೆ. ಅವುಗಳಿಗೆ ಡ್ರ್ಯಾಗನ್‌ಗಳ ಹೆಸರಿಡುವುದು ರೂಢಿ. ಎಲ್ಲದರ ಕೆಲಸ ಒಂದೇ ಥರ ಅಲ್ಲ. ನಮ್ಮೂರ ಹೆಸರನ್ನು ಕನ್ನಡದಲ್ಲಿ ಸೇರಿಸಿ ಸೇವ್ ಒತ್ತಿದಾಗ ಅದು ಹೋಗುವುದು ಒಂದೇ ಒಂದು ಮುಖ್ಯ ಡೇಟಾಬೇಸ್‌ಗೆ (ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದಲ್ಲಿ ನಡೆಯುವಂಥದ್ದು). ಅದು ನಿಂತರೆ ಜಗತ್ತಿನಾದ್ಯಂತ ಎಡಿಟಿಂಗ್ ನಿಲ್ಲುತ್ತದೆ. ಹಾಗಾಗಿ ಹೊಸ ಯಂತ್ರ ಬಂದರೆ ಮೊದಲು ಅಲ್ಲಿಗೇ ಹೋಗಬೇಕು. ಅಲ್ಲಿಂದ ಇಳಿದ ಹಳೇ ಯಂತ್ರ ರೆಪ್ಲಿಕಾ (ಅದೇ ಡೇಟಾದ ನಕಲು ಇಟ್ಟುಕೊಳ್ಳುವ ಸರ್ವರ್) ಆಗಿ ಇನ್ನೂ ಕೆಲವು ವರ್ಷ ಆರಾಮಾಗಿ ದುಡಿಯುತ್ತದೆ.

ಈ ನಕ್ಷೆಯಲ್ಲಿ ಸ್ಥಳ ಹುಡುಕಿಕೊಡುವ ತಂತ್ರಾಂಶ ನಾಮಿನೇಟಿಮ್‌ನ ಕಥೆ ಬೇರೆ. ಇಡೀ ಜಗತ್ತಿನ ಡೇಟಾ ತುಂಬಲು 128 ಜಿಬಿ ರ್ಯಾಮ್ (ಕೆಲಸದ ವೇಳೆ ಬಳಸುವ ಮೆಮೊರಿ) ಇದ್ದರೆ ಒಳ್ಳೆಯದು ಅಂತ ಅದರ ಕೈಪಿಡಿಯೇ ಹೇಳುತ್ತದೆ. ಪ್ರೊಸೆಸರ್ ಸ್ವಲ್ಪ ಹಳೇದಾದರೂ ನಡೆಯುತ್ತದೆ, ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮಾತ್ರ ಆಮೆ ನಡಿಗೆ. ಅಂಥ ಕಡೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ರ್ಯಾಮ್ ಹಾಕಿದರೆ ಸಾಕು. ಸುಮ್ನೆ ಪೂರ್ತಿ ಸರ್ವರ್ ಯಾಕೆ ಬದಲಾಯಿಸಬೇಕು, ಅಲ್ವಾ?

ಹಾಗಂತ ದಾನವಾಗಿ ಸಿಕ್ಕಿದ್ದನ್ನೆಲ್ಲ ಸರ್ವರ್ ಜೋಡಿಸುವ ರ್ಯಾಕ್‌ಗೆ ತುಂಬುವುದೂ ತಪ್ಪು. ಜಾಗಕ್ಕೂ ಕರೆಂಟಿಗೂ ಮಿತಿ ಇದೆ. ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ಹಳೇ ರೇಡ್ ಕಾರ್ಡಿನ ಬ್ಯಾಟರಿ ಹೋದರೆ ಡಿಸ್ಕಿಗೆ ಬರೆಯುವ ವೇಗ ದಿಢೀರ್ ಕುಸಿಯುತ್ತದೆ. ಆಗ ನಿದ್ದೆಗೆಡುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವ ಜನ. ಅವರು ಯಾವ ಸರ್ವರ್‌ನಲ್ಲಿ ಏನಿದೆ ಅನ್ನುವ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ. ಯಂತ್ರ ದಾನ ಕೊಡುವವರು ದಯವಿಟ್ಟು ಮೊದಲು ಅದನ್ನು ನೋಡಿ, ಏನು ಬೇಕು ಅಂತ ಕೇಳಿ ಕೊಡಿ.