ಉಸಿರಾಟಕ್ಕೆ ಹಾಜರಿ ಕಡ್ಡಾಯ

ಒತ್ತಡ ನಿರ್ವಹಣೆಯ ಕಾರ್ಯಾಗಾರವಿದೆ ಎಂದು ಮೇಲ್ ಬಂತು. ಸಮಯ ಊಟದ ಬಿಡುವು. ಹಾಜರಿ ಕಡ್ಡಾಯ. ಬರಲಾಗದವರು ಕಾರಣವನ್ನು ಬರೆದು ಕೊಡಬೇಕು, ಮ್ಯಾನೇಜರಿಗೆ ಸಿಸಿ ಹಾಕಿ. ಓದುತ್ತಿದ್ದಂತೆ ಎದೆ ಡವಗುಟ್ಟಿತು. ಸರಿ, ಕಾರ್ಯಾಗಾರಕ್ಕೆ ಬೇಕಾದ ಅರ್ಹತೆ ಅಲ್ಲಿಗೇ ಬಂದುಬಿಟ್ಟಿತು.

ತರಬೇತುದಾರರು ಕಣ್ಣು ಮುಚ್ಚಿಸಿದರು. ‘ನಿಧಾನವಾಗಿ ಉಸಿರು ಒಳಗೆ ತಗೊಳ್ಳಿ.’ ತಗೊಂಡೆ. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಗುರ್ರ್ ಎಂದಿತು. ಒಂದೇ ಕಣ್ಣು ತೆರೆದು ನೋಡಿದರೆ ಬಾಸ್: ‘ಹಾಯ್.’ ಮುಂದೇನೂ ಇಲ್ಲ. ಕೆಳಗೆ ಮೂರು ಚುಕ್ಕಿ ಕುಣಿಯುತ್ತವೆ, ನಿಲ್ಲುತ್ತವೆ, ಮತ್ತೆ ಕುಣಿಯುತ್ತವೆ. ಆರು ತಿಂಗಳಲ್ಲಿ ನಾನು ಮಾಡಿದ ತಪ್ಪುಗಳೆಲ್ಲ ತಾರೀಖಿನ ಸಮೇತ ನೆನಪಾದವು. ತರಬೇತುದಾರರು ‘ಈಗ ಬಿಡಿ’ ಎಂದರೂ ಒಳಗೆ ಹೋದ ಉಸಿರು ಹೊರಗೆ ಬರಲೊಲ್ಲದು. ಹನ್ನೊಂದು ನಿಮಿಷದ ಮೇಲೆ ಬಂತು: ‘ಬೇಡ ಬಿಡಿ, ಫೈಲ್ ಸಿಕ್ತು.’

1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಇಮೇಲ್ ಕಳಿಸಿದಾಗ ಎರಡೂ ಯಂತ್ರಗಳು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕೂತಿದ್ದವಂತೆ. ಏನು ಬರೆದಿದ್ದರೆಂಬುದು ಅವರಿಗೇ ಆಮೇಲೆ ನೆನಪಿರಲಿಲ್ಲ. ಆ ಪರಂಪರೆಗೆ ನಾವು ಭಂಗ ತಂದಿಲ್ಲ. ಕೈ ಚಾಚಿದರೆ ಸಿಗುವ ಸಹೋದ್ಯೋಗಿಗೆ ಮೇಲ್ ಕಳಿಸುತ್ತೇವೆ, ನಲವತ್ತು ಜನರನ್ನು ಸಾಕ್ಷಿಗೆ ಕರೆಯುತ್ತೇವೆ. ಸಿಸಿ ಅಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್ ಕಾಲದಲ್ಲಿ ನಾಲ್ಕೈದು ಹಾಳೆ ದಾಟಿದರೆ ಅಕ್ಷರ ಮಸುಕಾಗುತ್ತಿತ್ತು, ಹಾಗಾಗಿ ಯಾರಿಗೆ ಬೇಕು ಎಂದು ಒಂದು ಗಳಿಗೆ ಯೋಚಿಸಲೇಬೇಕಿತ್ತು. ಈಗ ಮಸುಕಾಗುವುದು ಓದುವವರ ಕಣ್ಣು ಮಾತ್ರ. ನಿಜ ಹೇಳಬೇಕೆಂದರೆ, ಕಚೇರಿಯಲ್ಲಿ ಯಾರೂ ವಿಷಯ ತಿಳಿಸಲು ಬರೆಯುವುದಿಲ್ಲ. ‘ನಾನು ಹೇಳಿದ್ದೆ’ ಎಂದು ನಾಳೆ ತೋರಿಸಲು ಬರೆಯುತ್ತಾರೆ. ‘ನನ್ನ ಹಿಂದಿನ ಮೇಲ್ ಗಮನಿಸಿ’ ಎಂಬ ಸಾಲಿನಷ್ಟು ಸಭ್ಯವಾಗಿ ಜುಟ್ಟು ಹಿಡಿಯುವ ವಿದ್ಯೆ ಬೇರೆಲ್ಲೂ ಇಲ್ಲ.

ಕಾರ್ಯಾಗಾರವೂ ಅದೇ ಜಾತಿಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ (ದುಡಿದು ಪೂರ್ತಿ ಬಸವಳಿಯುವುದು) ಎಂದರೇನೆಂದು ವಿವರಿಸಿತು: ಸರಿಯಾಗಿ ನಿರ್ವಹಿಸದೆ ಬಿಟ್ಟ, ಕೆಲಸದ ಜಾಗದ ದೀರ್ಘಕಾಲದ ಒತ್ತಡದ ಫಲ. ಅದು ಕಾಯಿಲೆಯಲ್ಲ, ಉದ್ಯೋಗ ಸಂಬಂಧಿ ವಿದ್ಯಮಾನ ಎಂದೂ ಹೇಳಿತು. ಕಾಯಿಲೆಯಲ್ಲ ಎಂಬಷ್ಟು ನಮ್ಮ ಆಡಳಿತಕ್ಕೆ ಚೆನ್ನಾಗಿ ಕೇಳಿಸಿತು, ರಜೆಯ ಮಾತು ಅಲ್ಲಿಗೆ ಮುಗಿಯಿತು. ನಿರ್ವಹಿಸಬೇಕಾದವರು ಯಾರು? ಆ ವಾಕ್ಯದಲ್ಲಿ ಕರ್ತೃಪದವಿಲ್ಲ. ಖಾಲಿ ಜಾಗದಲ್ಲಿ ನಮ್ಮವರು ‘ನೀವೇ’ ಎಂದು ತುಂಬಿದರು.

ಫ್ರಾನ್ಸಿನಲ್ಲಿ 2017ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿಗೆ ಕಾನೂನಿನ ಬಲವಿದೆ ಎಂಬ ಸ್ಲೈಡ್ ಕೂಡ ಇತ್ತು. ‘ರಾತ್ರಿ ಮೇಲ್ ನೋಡಬೇಡಿ’ ಎಂಬ ಸ್ಲೈಡ್ ಅದರ ಪಕ್ಕದಲ್ಲೇ. ಎರಡೂ ರಾತ್ರಿ 10.40ಕ್ಕೆ ಮೇಲ್‌ನಲ್ಲಿ ಬಂದವು, ಜೊತೆಗೊಂದು ಅಭಿಪ್ರಾಯದ ಫಾರಂ, ಬೆಳಗಿನೊಳಗೆ ತುಂಬಲು. ‘ನಿಮ್ಮ ಒತ್ತಡ ಕಡಿಮೆಯಾಯಿತೇ?’ ಆಯ್ಕೆಗಳು ಎರಡು: ಹೌದು, ತುಂಬಾ. ನಿದ್ದೆಗಣ್ಣಿನಲ್ಲಿ ‘ತುಂಬಾ’ ಒತ್ತಿದೆ.

ಬೆಳಿಗ್ಗೆ ಬಾಸ್ ನಗುತ್ತಾ ಮೇಜಿನ ಹತ್ತಿರ ಬಂದರು. ‘ಒತ್ತಡ ತುಂಬಾ ಇಳಿದಿದೆ ಅಂತ ಬರೆದಿದ್ದೀರಂತೆ. ಒಳ್ಳೇದಾಯ್ತು ಬಿಡಿ, ಹಾಗಾದ್ರೆ ಇವೆರಡು ಫೈಲೂ ನೀವೇ ನೋಡ್ಬಿಡಿ. ಮೇಲ್ ಕೂಡ ಹಾಕಿದ್ದೀನಿ, ಎಲ್ಲರಿಗೂ ಸಿಸಿ ಇದೆ.’