ಹುಳಿಮಾವಿನಿಂದ ಗ್ರೀಸಿಗೆ

ವೈನ್ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ ಸಂಗತಿ: ಒಂದು ಕೆಂಪಗಿರುತ್ತದೆ, ಇನ್ನೊಂದನ್ನು ಬಿಳಿಯದು ಎನ್ನುತ್ತಾರೆ, ಆದರೆ ಅದು ಬಿಳಿಯಾಗಿರುವುದಿಲ್ಲ. ನನ್ನ ಭಾವಮೈದುನನಿಗಾದರೋ ಗ್ರೀಸಿನ ದ್ರಾಕ್ಷಿತಳಿಗಳ ಹೆಸರು ವಿಷ್ಣು ಸಹಸ್ರನಾಮದಂತೆ ಬಾಯಿಪಾಠ. ಅವನ ಬೆನ್ನು ಹತ್ತಿ ಅಥೆನ್ಸಿಗೆ ಹೋದದ್ದು ಮೊದಲ ತಪ್ಪು. ಅವನು ಕೈ ತೊಳೆಯಲು ಹೋಗಿದ್ದಾಗ ಮಾಣಿಯ ಜೊತೆ ನಾನೇ ಮಾತಿಗಿಳಿದದ್ದು ಎರಡನೆಯದು.

ಮೆನುವಿನ ಕೊನೆಯಲ್ಲಿ ದ್ರಾಕ್ಷಿಗೊಂಚಲಿನ ಚಿತ್ರ, ಅದರ ಕೆಳಗೆ ಕಿಲೋ, ಅರ್ಧ ಕಿಲೋ ಎಂದು ದರ. ಊಟವಾದ ಮೇಲೆ ಹಣ್ಣು ತಿಂದರೆ ಹೊಟ್ಟೆಗೆ ಒಳ್ಳೆಯದೆಂದು ಒಂದು ಬೆರಳೆತ್ತಿ "ಕಿಲೋ" ಎಂದೆ. ಬಂದದ್ದು ತಾಮ್ರದ ಬಣ್ಣದ ಅಲ್ಯೂಮಿನಿಯಂ ಹೂಜಿ, ಕಂಠಮಟ್ಟ ವೈನ್. ಅಲ್ಲಿಯ ಊಟದ ಮನೆಗಳಲ್ಲಿ ಪೀಪಾಯಿಯ ಬಿಡಿ ವೈನನ್ನು ಇಂದಿಗೂ ಕಿಲೋ ಲೆಕ್ಕದಲ್ಲಿ ಕೊಡುತ್ತಾರಂತೆ. ಕಿಲೋ ಎಂದರೆ ಸುಮಾರಾಗಿ ಒಂದು ಲೀಟರ್.

ಲೋಟವನ್ನು ಮೂಗಿನ ಹತ್ತಿರ ತಂದೆ. ನಮ್ಮ ಮನೆಯ ಮುಂಬಾಗಿಲಿಗೆ ಪಾಲಿಶ್ ಹಾಕಿಸಿದ ದಿನ ನೆನಪಾಯಿತು. ಮಾಣಿಯನ್ನು ಕರೆದು, ಈ ವಾಸನೆ ಇಲ್ಲದ್ದು ಬೇರೆ ಇದೆಯೇ ಎಂದು ಕೇಳಿದೆ. ಆತ "ನೆ" ಎಂದ. ಹಿಂದಿಯ 'ನಾ' ಕೇಳಿ ಕೇಳಿ ಪಳಗಿದ ಕಿವಿ ನನ್ನದು. ಇಲ್ಲವೆಂದರೆ ಏನು ಮಾಡುವುದು ಎಂದು ಕಣ್ಣು ಮುಚ್ಚಿ ಕುಡಿಯತೊಡಗಿದೆ. ಅರ್ಧ ಇಳಿಸುವ ಹೊತ್ತಿಗೆ ಆತ ಇನ್ನೊಂದು ಹೂಜಿ ತಂದಿಟ್ಟ. ಗ್ರೀಕಿನಲ್ಲಿ 'ನೆ' ಎಂದರೆ ಹೌದು.

ಭಾವಮೈದುನ ಬಂದು ಎರಡು ಹೂಜಿಗಳನ್ನೂ ನನ್ನನ್ನೂ ನೋಡಿದ. "ಭಾವ, ಅವರು ಇಲ್ಲ ಎನ್ನಬೇಕಾದರೆ ಗದ್ದ ಮೇಲೆತ್ತಿ ಲೊಚ್ ಎನ್ನುತ್ತಾರೆ, ಅಷ್ಟೇ" ಎಂದ. ಬಾಯಿಬಿಟ್ಟು ಇಲ್ಲ ಎನ್ನಲು ಸೋಮಾರಿತನವಾದಾಗ ನನ್ನ ಅಜ್ಜಿಯೂ ಹಾಗೆಯೇ ಲೊಚಗುಟ್ಟುತ್ತಿದ್ದಳು. ಮೊದಲೇ ಹೇಳಿದ್ದರೆ ಗ್ರೀಕ್ ನನಗೆ ಅರ್ಧ ಬರುತ್ತಿತ್ತು.

ಆ ಪಾಲಿಶ್ ವಾಸನೆಯದು ರೆಟ್ಸಿನಾ. ಅಥೆನ್ಸಿನ ಸುತ್ತಲಿನ ಅಟಿಕಾದಲ್ಲಿ ಬೆಳೆಯುವ ಸವಾತ್ಯಾನೊ ದ್ರಾಕ್ಷಿಯ ರಸಕ್ಕೆ ಪೈನ್ ಮರದ ರಾಳ ಸೇರಿಸಿ ಮಾಡುವುದು. ಹಿಂದೆ ವೈನಿನ ಮಣ್ಣಿನ ಜಾಡಿಗಳಿಗೆ ರಾಳ ಬಳಿಯುತ್ತಿದ್ದರು. ಜಾಡಿಗಳ ಕಾಲ ಮುಗಿದರೂ ನಾಲಗೆ ರಾಳವನ್ನು ಬಿಡಲಿಲ್ಲ. ಗ್ಯಾಸ್ ಒಲೆ ಬಂದ ಮೇಲೂ ಹೊಗೆ ಹಿಡಿದ ಹಾಲಿನ ಕಾಫಿಯೇ ಕಾಫಿ ಎನ್ನುತ್ತಿದ್ದ ಅದೇ ಅಜ್ಜಿ ನೆನಪಾಗಿ, ಉಳಿದರ್ಧವನ್ನು ಗೌರವದಿಂದ ಕುಡಿದೆ.

ಮರುದಿನ ಉತ್ತರದ ನಾವುಸಾದ ಕೆಂಪು ವೈನ್. ತಳಿಯ ಹೆಸರು ಕ್ಸಿನೊಮಾವ್ರೊ. 'ಕ್ಸಿನೊ' ಎಂದರೆ ಹುಳಿ ಎಂದು ಭಾವಮೈದುನ ಹೇಳಿದ್ದೇ ತಡ, ನಾನು ಕುರ್ಚಿಯಿಂದ ಎದ್ದೆ. "ಹಾಗಾದರೆ ಇದು ಹುಳಿಮಾವು!" ಇಪ್ಪತ್ತು ವರ್ಷದಿಂದ ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಲ್ಲಿ ಇರುವವನಿಗೆ ಇಷ್ಟೂ ಹೆಮ್ಮೆ ಬೇಡವೇ? 'ಮಾವ್ರೊ' ಎಂದರೆ ಕಪ್ಪು ಎಂದು ಅವನು ಬಿಡಿಸಿ ಹೇಳಿದ, ನಾನು ಕೇಳಿಸಿಕೊಳ್ಳಲಿಲ್ಲ. ಹುಳಿ, ಒಗರು ಎರಡೂ ಹೆಸರಿಗೆ ತಕ್ಕಂತಿದ್ದವು. ಬಲ್ಲವರು ಇದರಲ್ಲಿ ಟೊಮ್ಯಾಟೊ ಪರಿಮಳ ಹಿಡಿಯುತ್ತಾರೆ. ನನಗೆ ತಿಳಿಸಾರೇ ಬಂದು ನಿಂತಂತಾಯಿತು.

ಸ್ಯಾಂಟೊರಿನಿ ದ್ವೀಪದಲ್ಲಿ ಆದದ್ದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಚಪ್ಪರವಿಲ್ಲ, ಕಂಬವಿಲ್ಲ, ಬೂದಿಬಣ್ಣದ ನೆಲದ ಮೇಲೆ ಅಲ್ಲಲ್ಲಿ ಒಣಬಳ್ಳಿಯ ಕುಕ್ಕೆಗಳು, ಕೋಳಿ ಮುಚ್ಚಿಡುವಂಥವು. ತೋಟ ಎಲ್ಲಿ ಎಂದು ಕೇಳುತ್ತಾ, ಫೋಟೊಗೆಂದು ಒಂದರ ಮೇಲೆ ಕೂರಲು ಬಗ್ಗಿದೆ. ತೋಟದವರು ಕೂಗಿದ ಕೂಗಿಗೆ ಬಗ್ಗಿದ ಭಂಗಿಯಲ್ಲೇ ನಿಂತೆ. ನನ್ನ ಕೆಳಗಿದ್ದದ್ದೇ ತೋಟ. ಬಿರುಗಾಳಿಗೆ ಸಿಗದಂತೆ ಬಳ್ಳಿಯನ್ನೇ ನೆಲಮಟ್ಟದಲ್ಲಿ ಸುತ್ತಿ ಸುತ್ತಿ ಕುಕ್ಕೆಯಾಗಿ ಹೆಣೆಯುತ್ತಾರೆ. ಅಸಿರ್ಟಿಕೊ ದ್ರಾಕ್ಷಿ ಅದರೊಳಗೆ ಬೆಚ್ಚಗೆ ಕೂತಿರುತ್ತದೆ. ಮಳೆ ತೀರಾ ಕಡಿಮೆ, ಸಮುದ್ರದ ಮಂಜಿನ ಪಸೆಯೇ ಆಧಾರ. ಸುಮಾರು 3,600 ವರ್ಷಗಳ ಹಿಂದೆ ಸಿಡಿದ ಜ್ವಾಲಾಮುಖಿಯ ಬೂದಿಯಲ್ಲಿ, 19ನೇ ಶತಮಾನದಲ್ಲಿ ಯೂರೋಪಿನ ತೋಟಗಳನ್ನೆಲ್ಲ ತಿಂದುಹಾಕಿದ ಫಿಲಾಕ್ಸೆರಾ ಎಂಬ ಬೇರುಹುಳುವೂ ಬದುಕಲಾರದು. ಹುಳುವಿಗೆ ಜಗ್ಗದ ಬಳ್ಳಿ ನನ್ನ ತೊಂಬತ್ತು ಕಿಲೋದಿಂದ ಕೂದಲೆಳೆಯಲ್ಲಿ ಪಾರಾಯಿತು.

ಸಮಾಧಾನಕ್ಕೆಂದು ತೋಟದವರೇ ರುಚಿ ನೋಡಲು ಕರೆದರು. ದಾರಿಯಲ್ಲಿ ಭಾವಮೈದುನ ಒಂದು ಕಥೆ ಹೇಳಿದ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಎರಡನೆಯ ಶತಮಾನದ್ದೆನ್ನುವ ಪಪೈರಸ್‌ನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಇಂಡಿಯಾದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಹೆಣ್ಣನ್ನು ಬಿಡಿಸಲು ಬಂದವರು ಇಲ್ಲಿಯ ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ, ಕಟ್ಟಿಹಾಕಿ, ಹಡಗು ಹತ್ತುತ್ತಾರೆ. ರಾಜನ ಕಡೆಯವರ ಮಾತು ಕನ್ನಡವೆಂದು ಕೆಲವು ವಿದ್ವಾಂಸರ ವಾದ. ಗ್ರೀಕರು ಮಾತ್ರ ಆಗ ನೀರು ಬೆರೆಸಿಯೇ ಕುಡಿಯುತ್ತಿದ್ದರು. ವೈನಿಗೆ ಅವರು ಇಂದು ಹೇಳುವ 'ಕ್ರಾಸಿ' ಎಂಬ ಪದ ಹುಟ್ಟಿದ್ದೇ ಬೆರಕೆ ಎನ್ನುವ ಅರ್ಥದಿಂದ.

ಎರಡನೆಯ ಸಲ ಮೋಸಹೋಗುವ ಜನ ನಾವಲ್ಲ. ಅಸಿರ್ಟಿಕೊ ಸುರಿದ ಲೋಟಕ್ಕೆ ನನ್ನ ಬಾಟಲಿಯಿಂದ ಧಾರಾಳವಾಗಿ ನೀರು ಬೆರೆಸಿ, ಇದು ಸರಿತಾನೇ ಎನ್ನುವಂತೆ ಬಡಿಸುತ್ತಿದ್ದ ಹುಡುಗಿಯ ಮುಖ ನೋಡಿದೆ.

ಆಕೆ ಗದ್ದ ಮೇಲೆತ್ತಿ ಲೊಚ್ ಎಂದಳು.